ರಮಾ ಯಂತ್ರದ ಮೇಲಿದ್ದ ದಿನಗಳು

ಮೇ 16, 2021, ಭಾನುವಾರ. ಸೇಲಂ

ಆಸ್ಪತ್ರೆಯ ಎದುರಿನ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ಬಿಸ್ಕತ್ತು ತರಲು ಹೋದವಳು ಈ ನೋಟ್‌ಬುಕ್ಕನ್ನೂ ತಂದೆ. ಐದು ದಿನದಿಂದ ಒಬ್ಬರ ಹತ್ತಿರವೂ ನೆಟ್ಟಗೆ ಮಾತಾಡಿಲ್ಲ. ನಂಗವಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದುವುದು ತಮಿಳು. ಕೊಳ್ಳೇಗಾಲದ ಹತ್ತಿರ ಅಜ್ಜಿಯ ಮನೆಯಲ್ಲಿದ್ದು ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಆದ್ದರಿಂದ ಇಲ್ಲಿ ಬರೆದದ್ದು ನನಗೆ ಮಾತ್ರ.

ರಮಾ ನನ್ನ ತಮ್ಮ ಮುರುಗೇಶನ ಹೆಂಡತಿ. ಇಪ್ಪತ್ತಾರು ವರ್ಷ, ಎಂಟು ತಿಂಗಳ ಬಸುರಿ. ಮೊದಲು ಮುರುಗೇಶನಿಗೆ ಜ್ವರ ಬಂತು, ನಾಲ್ಕು ದಿನಕ್ಕೆ ಅವಳಿಗೂ ಬಂತು. ಅವನನ್ನು ಮೆಟ್ಟೂರಿನ ಕೊರೊನಾ ಸೆಂಟರಿನಲ್ಲಿ ಮಲಗಿಸಿದರು. ಇವಳಿಗೆ ಉಸಿರೇ ಸಿಗದೆ ಬುಧವಾರ ಆಂಬುಲೆನ್ಸಿನಲ್ಲಿ ಇಲ್ಲಿಗೆ ತಂದೆ. ಅವಳ ತಾಯಿ ಇಲ್ಲ. ಅಪ್ಪ ಸುಬ್ಬರಾಯಪ್ಪ ಕಂಬೈನಲ್ಲೂರಿನಲ್ಲಿ ಲಾಕ್‌ಡೌನಿಗೆ ಸಿಕ್ಕಿಕೊಂಡಿದ್ದಾರೆ. ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. "ನಿಂಗೇನು, ಹಿಂದಿಲ್ಲ ಮುಂದಿಲ್ಲ, ನೀನೇ ಓಗು" ಅಂದಳು. ಹಾಗಾಗಿ ನಾನು ಬಂದೆ.

ಶುಕ್ರವಾರ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಒಂದು ಕಿಲೋ ಎಂಟುನೂರು ಗ್ರಾಂ. ನಾನಿನ್ನೂ ನೋಡಿಲ್ಲ. ರಮಾಗೆ ವೆಂಟಿಲೇಟರ್ ಹಾಕಿದರೂ ಆಮ್ಲಜನಕ ಏರಲಿಲ್ಲ. ಇವತ್ತು ಬೆಳಿಗ್ಗೆ ಡಾಕ್ಟರ್ ಸೆಲ್ವಕುಮಾರ್ ಕರೆದು, ಎಕ್ಮೋ ಅನ್ನುವ ಯಂತ್ರಕ್ಕೆ ಜೋಡಿಸಬೇಕು, ಇಲ್ಲದಿದ್ದರೆ ಸಂಜೆಯವರೆಗೆ ಇರುವುದಿಲ್ಲ ಅಂದರು. ಮುರುಗೇಶ ಫೋನಿನಲ್ಲಿ ಕೆಮ್ಮುತ್ತಲೇ ಹೂಂ ಅಂದ. ಕಾಗದಕ್ಕೆ ನಾನು ಸಹಿ ಮಾಡಿದೆ, ಕನ್ನಡದಲ್ಲಿ. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತೆಲುಂಗಾಮ್ಮಾ?" ಅಂದ. ಅಲ್ಲ ಅನ್ನಲೂ ಬೇಸರವಾಯಿತು.

ಮೇ 18, ಮಂಗಳವಾರ

ಯಂತ್ರ ನೋಡಿಕೊಳ್ಳುವವನ ಹೆಸರು ಗೋಕುಲ್. ಮೂವತ್ತು ಆಗಿರಬಹುದು. ಮುಖದ ಮೇಲೆ ಮಾಸ್ಕಿನ ಗೆರೆ ಗಾಯದ ಹಾಗೆ ಕೂತಿದೆ. ಅವನು ಆಡುವುದು ತಮಿಳು, ಇಲ್ಲಿ ಬರೆಯುವಾಗ ನನ್ನ ಕೈಗೆ ಬರುವುದು ಕನ್ನಡ. ಹೊರಗಿನ ಬೆಂಚಿನ ಹತ್ತಿರ ಬಂದು ಅರ್ಥವಾಗುವಂತೆ ಹೇಳಿದ.

"ತೊಡೆಯ ನರದಿಂದ ರಕ್ತ ಹೊರಗೆ ಬರ್ತದೆ ಅಕ್ಕಾ. ಕಪ್ಪಗಿರ್ತದೆ. ಒಂದು ಪೆಟ್ಟಿಗೆಯೊಳಗೆ ಹೋಗಿ ಆಮ್ಲಜನಕ ತಗೊಂಡು ಕೆಂಪಾಗಿ ಕತ್ತಿನ ನರಕ್ಕೆ ವಾಪಸ್ ಹೋಗ್ತದೆ. ಅವರ ಶ್ವಾಸಕೋಶ ಈಗ ಮಲಗಿದೆ. ಅದರ ಕೆಲಸ ಪೆಟ್ಟಿಗೆ ಮಾಡ್ತಿದೆ."

"ಪೆಟ್ಟಿಗೆ ವಾಸಿ ಮಾಡ್ತದಾ?"

"ಇಲ್ಲ. ಟೈಮ್ ಕೊಡ್ತದೆ, ಅಷ್ಟೆ."

ಎಷ್ಟು ಟೈಮ್ ಎಂದು ಕೇಳಿದೆ. ಅವನು ಊಟ ಆಯಿತಾ ಎಂದ.

ಮೇ 22, ಶನಿವಾರ

ಮಗುವನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಕೊರೊನಾ ಇಲ್ಲವಂತೆ, ಉಸಿರು ಚೆನ್ನಾಗಿದೆಯಂತೆ, ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಬೇಕಂತೆ. ಆದರೆ ಊರಿಗೆ ಕರೆದೊಯ್ಯುವ ಹಾಗಿಲ್ಲ. ಎರಡು ದಿನಕ್ಕೊಮ್ಮೆ ತೂಕ ನೋಡಬೇಕು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಭಾಗ್ಯಲಕ್ಷ್ಮಿ ಅನ್ನುವವರ ಮನೆಯ ಮಹಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಒಂದು ಮೊಳದಾಚೆ ಪಕ್ಕದ ಮನೆಯ ಗೋಡೆ. ಮೇಲೆ ಕಾಂಕ್ರೀಟು, ಮಧ್ಯಾಹ್ನವೆಲ್ಲ ಬಾಣಲಿಯ ಹಾಗೆ ಕಾಯುತ್ತದೆ. ಭಾಗ್ಯಲಕ್ಷ್ಮಿ ಅಂಗಳದಲ್ಲೇ ನಿಂತು ಕೂಗಿ ಹೇಳಿದರು: "ಕೆಳಗೆ ಇಳಿಯಬೇಡಿ ತಾಯಿ, ಮನೆಯಲ್ಲಿ ವಯಸ್ಸಾದವರಿದ್ದಾರೆ. ಏನು ಬೇಕೋ ಫೋನಲ್ಲಿ ಹೇಳಿ, ಮೆಟ್ಟಿಲ ಮೇಲೆ ಇಡ್ತೀನಿ."

ಮಗುವಿಗೆ ಚೀಪುವ ಶಕ್ತಿ ಇಲ್ಲ. ಒಳಲೆಯಲ್ಲಿ ಎರಡು ಗಂಟೆಗೊಮ್ಮೆ ಪುಡಿಹಾಲು ತೊಟ್ಟು ತೊಟ್ಟಾಗಿ ಬಿಡಬೇಕು. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು. ಬಟ್ಟೆ ಇಲ್ಲದೆ ಅದನ್ನು ನನ್ನ ಬರಿ ಎದೆಗೆ ಒರಗಿಸಿ, ಸೀರೆಯ ತುಂಡಿನಿಂದ ಕಟ್ಟಿಕೊಂಡು ದಿನಕ್ಕೆ ಹತ್ತು ಗಂಟೆ ಇರಬೇಕಂತೆ. ಮೈಶಾಖ ಸಿಗಬೇಕಂತೆ. "ತಾಯಿಯೇ ಆಗಬೇಕೆಂದಿಲ್ಲ, ಯಾರ ಮೈಯಾದರೂ ಸರಿ" ಎಂದಳು ನರ್ಸು.

ಯಾರ ಮೈಯಾದರೂ ಸರಿ. ಸರಿ.

ಮೇ 24, ಸೋಮವಾರ

ಇವತ್ತಿನಿಂದ ಅಂಗಡಿಯೂ ಇಲ್ಲ. ಬೀದಿಯ ಬಾಯಿಗೆ ಪೊಲೀಸರು ತಗಡು ಅಡ್ಡ ಕಟ್ಟಿದ್ದಾರೆ. ಆಸ್ಪತ್ರೆಯ ಚೀಟಿ ತೋರಿಸಿದರೆ ಮಾತ್ರ ಬಿಡುತ್ತಾರೆ.

ನಾಲ್ಕು ಹೆಜ್ಜೆ ಈ ಕಡೆ, ನಾಲ್ಕು ಹೆಜ್ಜೆ ಆ ಕಡೆ. ಮಗು ಎದೆಯ ಮೇಲೆ. ಬೆವರು.

ಮೇ 27, ಗುರುವಾರ

ನಿದ್ದೆಯಿಲ್ಲ. ಸ್ನಾನಕ್ಕೆ ಹೋದರೆ ಅಳುತ್ತದೆ. ಬಾಯಿಗೆ ತುತ್ತು ಇಡುವಾಗ ಅಳುತ್ತದೆ. ಇದು ಯಾರ ಮಗು, ನಾನೇಕೆ ಇಲ್ಲಿದ್ದೇನೆ ಎಂದು ಇವತ್ತು ಗೋಡೆಗೆ ಹೇಳಿದೆ.

ಹೋದ ತಿಂಗಳು ರಮಾಗೆ ಬಳೆ ತೊಡಿಸುವ ಶಾಸ್ತ್ರ ಮಾಡಿದರು. ಅವಳು ಉಟ್ಟ ಸೀರೆಗೆ ರವಿಕೆ ಹೊಲಿದವಳು ನಾನು. ಬಳೆ ತೊಡಿಸಲು ಹೆಂಗಸರು ಸಾಲಾಗಿ ನಿಂತಾಗ ಅಮ್ಮ ನನ್ನ ತೋಳು ಹಿಡಿದು, "ನೀ ಒಳಗಡೆ ಚಿತ್ರಾನ್ನ ನೋಡ್ಕಾ" ಅಂದಳು. ಒಂಬತ್ತು ವರ್ಷ ಸಂಸಾರ ಮಾಡಿ ಮಕ್ಕಳಾಗದೆ ವಾಪಸ್ ಬಂದವಳ ಕೈ ಬಸುರಿಗೆ ತಾಕಬಾರದು. ರಮಾ ಅದನ್ನು ನೋಡಿದಳು. ತಲೆ ತಗ್ಗಿಸಿದಳು. ಈಗ ಅವಳ ಮಗುವಿಗೆ ಈ ಮೈಯೇ ಆಯಿತು.

ಗೋಕುಲ್ ಫೋನ್ ಮಾಡಿದ್ದ. ಮಗುವಿನ ದನಿ ರೆಕಾರ್ಡ್ ಮಾಡಿ ಕಳಿಸಿ, ದಿನಾ ನಾಲ್ಕು ಗಂಟೆಗೆ ಅವರ ಕಿವಿಯ ಹತ್ತಿರ ಹಾಕ್ತೀನಿ, ನಿದ್ದೆಯ ಔಷಧದಲ್ಲಿದ್ದರೂ ಕೇಳಿಸಬಹುದು ಅಂದ. ಅಳುವಿಗೇನು ಬರ, ಕಳಿಸಿದೆ.

ಜೂನ್ 2, ಬುಧವಾರ

ತೂಕ ಎರಡು ಕಿಲೋ ಅರವತ್ತು. ನರ್ಸು "ಸೂಪರ್ ಅಕ್ಕಾ" ಅಂದಳು. ದಾರಿಯಲ್ಲಿ ಪೊಲೀಸಿನವನಿಗೂ ಹೇಳಿಬಿಟ್ಟೆ, ಎರಡು ಕಿಲೋ ಅರವತ್ತು ಎಂದು. ಅವನು ನಕ್ಕು ದಾರಿ ಬಿಟ್ಟ.

ಈಗ ಅದರ ಹಸಿವಿನ ಅಳು ಬೇರೆ, ಬಿಸಿಲಿನ ಅಳು ಬೇರೆ ಎಂದು ತಿಳಿಯುತ್ತದೆ. ಬಿಸಿಲಿಗಾದರೆ ಒದ್ದೆ ಪಂಚೆಯನ್ನು ಕಿಟಕಿಗೆ ಕಟ್ಟುತ್ತೇನೆ. ಎದೆಯ ಮೇಲೆ ಮಲಗಿದಾಗ ಎಡಗೈಯ ಬೆರಳುಗಳಿಂದ ನನ್ನ ಕತ್ತಿನ ಮಣಿಸರ ಹಿಡಿಯುತ್ತದೆ. ಸರ ಬಿಚ್ಚಿಟ್ಟರೆ ಅಳುತ್ತದೆ, ಆದ್ದರಿಂದ ಬಿಚ್ಚುವುದಿಲ್ಲ.

ರಮಾಗೆ ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ಕೊಳವೆ ಹಾಕಿದ್ದಾರೆ. ನಿದ್ದೆಯ ಔಷಧ ಕಡಿಮೆ ಮಾಡಿದರಂತೆ, ಕಣ್ಣು ಬಿಡುತ್ತಾಳಂತೆ, ದನಿ ಬರುವುದಿಲ್ಲವಂತೆ. ಇವತ್ತು ನಾಲ್ಕು ಗಂಟೆಗೆ ಗೋಕುಲ್ ವಿಡಿಯೋ ಹಾಕಿದ. ಮೊದಲ ಸಲ ಆ ಕೊಳವೆಗಳನ್ನು ನೋಡಿದೆ. ನಮ್ಮ ಹೊಲದ ಡ್ರಿಪ್ ಪೈಪಿನಷ್ಟು ದಪ್ಪ. ಒಂದರಲ್ಲಿ ಕಪ್ಪು, ಒಂದರಲ್ಲಿ ಕೆಂಪು. ಅವಳ ಮುಖ ಊದಿಕೊಂಡಿತ್ತು. ಕಣ್ಣು ಫೋನಿನ ಮೇಲೇ ಇತ್ತು. ಮಗುವಿನ ಮುಖ ಅವಳ ಕಡೆಗೆ ತಿರುಗಿಸೋಣವೆಂದರೆ ಅದು ಮಣಿಸರ ಬಿಡಲಿಲ್ಲ. ಬೆನ್ನು ಮಾತ್ರ ಕಂಡಿರಬೇಕು.

ಜೂನ್ 7, ಸೋಮವಾರ

ಮಗುವಿಗೆ ಚುಚ್ಚುಮದ್ದು ಹಾಕಿಸಲು ನಗರದ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಉದ್ದನೆಯ ಸಾಲು, ಎಲ್ಲರೂ ಮಾರು ದೂರ ನಿಂತಿದ್ದರು. ಮುಂದೆ ಇದ್ದ ಹುಡುಗಿ ತಿರುಗಿ, "ಎಷ್ಟು ದಿನ ಆಯ್ತಕ್ಕಾ? ನಿಮ್ಮ ಹಾಗೇ ಮೂಗು" ಅಂದಳು. ಮಾಸ್ಕು ಹಾಕಿದ್ದ ನನ್ನ ಮೂಗು ಅವಳಿಗೆ ಹೇಗೆ ಕಂಡಿತೋ!

ಒಳಗೆ ನರ್ಸು ತಲೆಯೆತ್ತದೆ ಕಾರ್ಡು ಬರೆಯುತ್ತಿದ್ದಳು. ಅಪ್ಪನ ಹೆಸರು ಕೇಳಿದಳು, ಮುರುಗೇಶ್ ಎಂದೆ. "ಅಮ್ಮಾ ಪೇರು?" ಅಂದಳು. ಹಿಂದೆ ಜನ ನೂಕುತ್ತಿದ್ದರು, ಮಗು ಅಳಲು ಬಾಯಿ ತೆರೆದಿತ್ತು. ಶಶಿಕಲಾ ಎಂದೆ. ನನ್ನ ಹೆಸರು ಕೇಳುತ್ತಿದ್ದಾಳೆ ಅಂದುಕೊಂಡೆ. ಕಾರ್ಡು ಕೈಗೆ ಬಂದ ಮೇಲೆ ನೋಡಿದರೆ ತಾಯಿ ಅನ್ನುವ ಕಡೆ ಬರೆದಿದ್ದಳು. ಆಗ ಹೇಳೋಣವೆಂದರೆ ಸಾಲು ಉದ್ದ ಇತ್ತು. ಇನ್ನೊಮ್ಮೆ ಹೋದಾಗ ಹೇಳಿದರಾಯಿತು.

ಮಗುವಿಗೆ ಜ್ವರ ಬರಬಹುದಂತೆ. ಬರಲಿಲ್ಲ.

ಜೂನ್ 9, ಬುಧವಾರ

ನೆಟ್‌ವರ್ಕ್ ಸರಿಯಿಲ್ಲ. ರೆಕಾರ್ಡು ಕಳಿಸಲಾಗಲಿಲ್ಲ.

ಜೂನ್ 13, ಭಾನುವಾರ

ನಾಲ್ಕು ಗಂಟೆ ಅನ್ನುವುದು ಮಗು ಗಾಢವಾಗಿ ಮಲಗುವ ಹೊತ್ತು. ಎಬ್ಬಿಸಿ ಅಳಿಸಿ ಕಳಿಸಬೇಕೇ? ನೋಡಿದರೆ ರಮಾಗೂ ತಳಮಳ ಹೆಚ್ಚಾಗುತ್ತದೆ, ಹೃದಯದ ಬಡಿತ ಏರುತ್ತದೆ ಎಂದು ಗೋಕುಲನೇ ಒಮ್ಮೆ ಅಂದಿದ್ದ. ಇಬ್ಬರಿಗೂ ವಿಶ್ರಾಂತಿ ಒಳ್ಳೆಯದು. ಅವನು ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ, ಕೈಯಲ್ಲಿ ಒಳಲೆ ಇತ್ತು. ಫೋನ್ ಕೆಟ್ಟಿದೆ ಎಂದು ಆಮೇಲೆ ಭಾಗ್ಯಲಕ್ಷ್ಮಿಯವರ ಫೋನಿನಿಂದ ಹೇಳಿಸಿದೆ.

ಮಗು ಇವತ್ತು ನಿದ್ದೆಯಲ್ಲಿ ನಕ್ಕಿತು. ನಾನು ಹುಟ್ಟಿದ ಮೇಲೆ ಇಷ್ಟು ಹತ್ತಿರದಿಂದ ಇದನ್ನು ನೋಡಿರಲಿಲ್ಲ. ನೆರೆಮನೆಯವರ ಮಗುವನ್ನು ಎತ್ತಿಕೊಳ್ಳಲು ಹೋದರೆ ಏನೋ ನೆಪ ಹೇಳಿ ಕಿತ್ತುಕೊಳ್ಳುತ್ತಿದ್ದರು. ಈ ಕೋಣೆಯಲ್ಲಿ ಕಿತ್ತುಕೊಳ್ಳುವವರು ಇಲ್ಲ. ಲಾಕ್‌ಡೌನ್ ಮತ್ತೆ ಮುಂದುವರಿಸಿದ್ದಾರೆ, ಸೇಲಂಗೆ ಬಸ್ಸಿಲ್ಲ. ಕೇಳಿ ಯಾಕೋ ಬೇಜಾರಾಗಲಿಲ್ಲ. ಅಭ್ಯಾಸವಾಗಿದೆ.

ಅಮ್ಮ ಫೋನಿನಲ್ಲಿ, "ರಮಾ ಎಂಗವಳೆ?" ಅಂದಳು. ಹಾಗೇ ಇದ್ದಾಳೆ ಅಂದೆ. ನನ್ನ ಮಗಳು ನಕ್ಕಳು ಎಂದೂ ಹೇಳಿದೆ. ಅಮ್ಮ, "ಮುರುಗೇಶನ ಮಗಳು" ಅಂದಳು. ಮಾತಿಗೆ ಬಂದ ಮಾತು, ಅದನ್ನೇಕೆ ತಿದ್ದಬೇಕು?

ಜೂನ್ 17, ಗುರುವಾರ

ಪೆಟ್ಟಿಗೆಯಲ್ಲಿ ರಕ್ತ ಗಡ್ಡೆ ಕಟ್ಟಿತು. ಬೆಳಿಗ್ಗೆ ಓಡಿ ಬರಲು ಹೇಳಿದರು. ಗಡ್ಡೆ ಕಟ್ಟದಿರಲಿ ಎಂದು ರಕ್ತ ತೆಳ್ಳಗೆ ಮಾಡುವ ಔಷಧ ಕೊಡುತ್ತಾರೆ. ಹೆಚ್ಚಾದರೆ ಮೈಯೊಳಗೆ ರಕ್ತ ಸುರಿಯುತ್ತದೆ, ಕಡಿಮೆಯಾದರೆ ಪೆಟ್ಟಿಗೆ ಕಟ್ಟಿಕೊಳ್ಳುತ್ತದೆ. ಇವಳಿಗೆ ಎರಡೂ ಆಗಿದೆ. ಯಂತ್ರ ನಿಲ್ಲಿಸಿ ಹೊಸ ಪೆಟ್ಟಿಗೆ ಜೋಡಿಸುವಷ್ಟರಲ್ಲಿ ಮೈ ನೀಲಿಯಾಗಿತ್ತಂತೆ. ಮತ್ತೆ ನಿದ್ದೆಯ ಔಷಧ ಕೊಟ್ಟು ಮಲಗಿಸಿದ್ದಾರೆ.

ನಾನು ಹೊರಗೆ ಬೆಂಚಿನ ಮೇಲೆ ಮಗುವನ್ನು ಕಟ್ಟಿಕೊಂಡು ಕೂತಿದ್ದೆ. ದೇವರೇ ಎಂದು ಕೈ ಮುಗಿದೆ. ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಬರಿ ದೇವರೇ ದೇವರೇ ಅನ್ನುತ್ತಿದ್ದೆ.

ಜೂನ್ 20, ಭಾನುವಾರ

ಮುರುಗೇಶ ಯಾರದೋ ಟೊಮೆಟೊ ವ್ಯಾನಿನಲ್ಲಿ ಬಂದ. ಅರ್ಧ ಇಳಿದುಹೋಗಿದ್ದಾನೆ. ಮಗಳನ್ನು ಮೊದಲ ಸಲ ನೋಡಿದ. ಎತ್ತಿಕೊಳ್ಳಲು ಹೆದರಿ, ಬೆರಳಿನಿಂದ ಪಾದ ಮುಟ್ಟಿ ಅತ್ತ.

ಡಾಕ್ಟರ್ ಸೆಲ್ವಕುಮಾರ್ ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದರು. ಮೂವತ್ತೈದು ದಿನವಾಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಇನ್ನೂ ಬಿಳಿಯ ಗೋಡೆ. "ಈ ಪೆಟ್ಟಿಗೆಯೂ ಕಟ್ಟಿಕೊಳ್ಳಲು ಶುರುವಾಗಿದೆ. ಎರಡು ಮೂರು ದಿನ ಬರಬಹುದು. ಮತ್ತೆ ಹೊಸದು ಹಾಕೋದಾ, ಅಥವಾ ಇದೇ ಕೊನೆಯದಾ, ಮನೆಯವರು ಯೋಚನೆ ಮಾಡಿ ಹೇಳಿ. ತಲೆಯೊಳಗೆ ರಕ್ತ ಸುರಿದಿಲ್ಲ ಅಂತ ನೋಡೋಕೆ ನಾಳೆ ನಿದ್ದೆಯ ಔಷಧ ಇಳಿಸ್ತೀವಿ. ಅವರ ಪರೀಕ್ಷೆ ನೆಗೆಟಿವ್ ಬಂದಿದೆ, ಒಬ್ಬರು ಒಳಗೆ ಬಂದು ನೋಡಬಹುದು."

ಸುಬ್ಬರಾಯಪ್ಪನವರಿಗೆ ಫೋನ್ ಮಾಡಿದೆವು. "ನನ್ ಮಗಳು ಉಸ್ರಾಡ್ತಾವ್ಳಾ ಇಲ್ವಾ? ಅಷ್ಟು ಏಳಪ್ಪಾ" ಅಂದರು. ಯಂತ್ರ ಉಸಿರಾಡ್ತಾ ಇದೆ ಅನ್ನಲಾರದೆ ಮುರುಗೇಶ ಫೋನ್ ಇಟ್ಟುಬಿಟ್ಟ.

ಆಮೇಲೆ ಮೆಟ್ಟಿಲ ಮೇಲೆ ಕೂತು, "ಅಕ್ಕ, ನಂಗೇನೂ ತಿಳೀತಾ ಇಲ್ಲ. ಇಷ್ಟು ದಿನ ಇಲ್ಲಿದ್ದೋಳು ನೀನು. ನೀ ಏನಂತೀಯೋ ಅದು" ಅಂದ.

ನಾನು ಹೇಳಿದ್ದನ್ನು ಸರಿಯಾಗಿಯೇ ಬರೆದಿಡುತ್ತೇನೆ. "ಸಾಕು ಕಣಪ್ಪ. ಆ ಜೀವವ ಇನ್ನೂ ಎಷ್ಟು ನೋಯಿಸ್ತೀಯ? ಇದೇ ಕೊನೇದು ಅನ್ನು. ಮಗುವಿಗೆ ನಾನಿಲ್ವಾ?" ಅಂದೆ. ಅವನು ನನ್ನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತ. ನಾನು ಅವನ ತಲೆ ಸವರಿದೆ. ಮಗು ನಡುವೆ ಬೆಚ್ಚಗಿತ್ತು.

ನೋವು ನೋಡಲಾಗದೆ ಹೇಳಿದ್ದು. ಮೈಯೊಳಗೆ ಅಷ್ಟು ದಪ್ಪ ಕೊಳವೆ ಹೊತ್ತು ಮಲಗಿರುವುದು ಒಂದು ಬದುಕೇ? ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಡಾಕ್ಟರೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿರಬೇಕು, ಇಲ್ಲದಿದ್ದರೆ ಯಾಕೆ ಕೇಳುತ್ತಿದ್ದರು? ಪ್ರೀತಿ ಇದ್ದವರೇ ಹೀಗೆ ಬಿಟ್ಟುಕೊಡುವುದು. ನಾಳೆ ಒಳಗೆ ಹೋಗಲು ಧೈರ್ಯವಿಲ್ಲವಂತೆ ಮುರುಗೇಶನಿಗೆ. ನಾನೇ ಹೋಗಿ ನೋಡಿ ಬರುತ್ತೇನೆ. ಅವನು ನಾಳೆ ಸಂಜೆ ಡಾಕ್ಟರಿಗೆ ಹೇಳುತ್ತಾನೆ.

ಇಷ್ಟು ಉದ್ದ ಎಂದೂ ಬರೆದಿಲ್ಲ.

ಜೂನ್ 21, ಸೋಮವಾರ

ಮಗುವನ್ನು ಮುರುಗೇಶನ ಕೈಗೆ ಕೊಟ್ಟು ಹೋದೆ. ನೀಲಿ ನಿಲುವಂಗಿ, ಎರಡು ಜೊತೆ ಕೈಗವಸು, ಮುಖದ ಮೇಲೆ ಪ್ಲಾಸ್ಟಿಕ್ಕು ತೊಡಿಸಿದರು.

ಒಳಗೆ ತಣ್ಣಗಿತ್ತು. ಎಂಟು ಹಾಸಿಗೆ, ಕಿಟಕಿಯಿಲ್ಲ. ರಮಾ ಕೊನೆಯ ಹಾಸಿಗೆಯಲ್ಲಿದ್ದಳು. ತಿರುಗಲು ಬಾರದ ಹಾಗೆ ಕತ್ತಿನ ಕೊಳವೆಯನ್ನು ತಲೆಗೆ ಸೇರಿಸಿ ಪಟ್ಟಿ ಹಾಕಿದ್ದರು, ತೊಡೆಯ ಕೊಳವೆಯನ್ನು ಕಾಲಿಗೆ. ಕೊಳವೆ ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ನಾನು ಆ ಬಿಸಿ ಕೋಣೆಯಲ್ಲಿ ನಾಲ್ಕು ಹೆಜ್ಜೆಗೆ ಗೋಡೆ ಬಂತೆಂದು ಬೈದವಳು. ಇವಳಿಗೆ ಅರ್ಧ ಹೆಜ್ಜೆಯೂ ಇರಲಿಲ್ಲ.

"ರಮಾ, ನಾನು ಕಣವ್ವ, ಶಶಿಕಲಾ" ಎಂದೆ.

ಮೂವತ್ತಾರು ದಿನದಿಂದ ಅವಳು ಕನ್ನಡ ಕೇಳಿಲ್ಲ, ಅದು ನನಗೆ ಅಲ್ಲಿ ನಿಂತಾಗ ಹೊಳೆಯಿತು. ಕಣ್ಣು ತೆರೆದಳು. ಬಹಳ ಹೊತ್ತು ನನ್ನ ಪ್ಲಾಸ್ಟಿಕ್ಕಿನ ಮುಖ ಹುಡುಕಿದಳು. ಗುರುತು ಸಿಕ್ಕಿತು. ತುಟಿ ಮುಚ್ಚಿ ತೆರೆಯಿತು, ಮತ್ತೆ ಮುಚ್ಚಿ ತೆರೆಯಿತು. ದನಿಯಿಲ್ಲ. ನನಗೆ ತಿಳಿಯಲಿಲ್ಲ. ಅವಳು ಇನ್ನೊಮ್ಮೆ ಮಾಡಿದಳು.

'ಪಾಪ' ಅನ್ನುತ್ತಿದ್ದಳು. ಮಗುವನ್ನು ಕೇಳುತ್ತಿದ್ದಳು.

ಗೋಕುಲ್ ಯಂತ್ರದ ಪಕ್ಕದ ಸ್ಟೂಲಿನ ಮೇಲಿದ್ದ. "ಎಚ್ಚರ ಇದ್ದಾಗೆಲ್ಲ ನಾಲ್ಕು ಗಂಟೆಗೆ ನನ್ನ ಜೇಬು ನೋಡ್ತಿದ್ರು ಅಕ್ಕಾ. ಫೋನ್ ತೆಗೀತೀನಿ ಅಂತ. ನಿಮ್ಮ ಫೋನ್ ಕೆಟ್ಟಿದೆ ಅಂತ ನಾನು ಹೇಳಿದೆ. ಆಮೇಲೂ ನೋಡ್ತಿದ್ರು" ಅಂದ.

ಅವನು ಬೈದಿದ್ದರೆ ಒಳ್ಳೆಯದಿತ್ತು.

"ಪಾಪ ಚೆನ್ನಾಗೈತೆ. ಎರಡೂವರೆ ಕಿಲೋ ಆಗೈತೆ. ಮಲಗಿದ್ದಾಗ ನಗ್ತದೆ" ಎಂದೆ. ಇನ್ನೇನು ಹೇಳಿದೆನೋ ನೆನಪಿಲ್ಲ. ಕಟ್ಟಿದ ಕೈಯ ಬೆರಳುಗಳು ಗವಸು ತೊಟ್ಟ ನನ್ನ ಕೈಯನ್ನು ಹಿಡಿದವು. ಹಿಡಿತ ಗಟ್ಟಿಯಾಗಿತ್ತು. ಹೋಗಲು ತಯಾರಾದವಳ ಹಿಡಿತ ಅದಲ್ಲ.

ಹೊರಗೆ ಬಂದು ನಿಲುವಂಗಿ ಬಿಚ್ಚುವ ಮೊದಲೇ ಮುರುಗೇಶನಿಗೆ ಹೇಳಿದೆ, "ಓಗು, ಹೊಸ ಪೆಟ್ಟಿಗೆ ಆಕ್ಲಿ ಅನ್ನು. ಎಷ್ಟು ಸಲ ಆದ್ರೂ ಆಕ್ಲಿ."

"ನೆನ್ನೆ ಸಾಕು ಅಂದ್ಯಲ್ಲ ಅಕ್ಕ?"

"ನೆನ್ನೆ ನಾ ನೋಡಿರ್ಲಿಲ್ಲ."

ಅವನು ಓಡಿದ. ಮಗು ಬೆಂಚಿನ ಮೇಲೆ ಟವಲಿನಲ್ಲಿತ್ತು, ನನ್ನನ್ನು ಕಂಡು ಅಳಲು ಶುರುಮಾಡಿತು. ಎತ್ತಿಕೊಳ್ಳುವ ಮೊದಲು ಫೋನ್ ತೆಗೆದು ಆ ಅಳುವನ್ನು ಪೂರ್ತಿ ಹಿಡಿದು ಒಳಗೆ ಕಳಿಸಿದೆ. ಬೆಳಿಗ್ಗೆ ಹನ್ನೊಂದು ಗಂಟೆ. ನಾಲ್ಕಾಗಲಿ ಎಂದು ಕಾಯಲಿಲ್ಲ.

ಜೂನ್ 22, ಮಂಗಳವಾರ

ನಿನ್ನೆಯ ಹಿಂದಿನ ದಿನದ ಪುಟ ಹರಿಯಲು ಹಿಡಿದೆ. ಹರಿಯಲಿಲ್ಲ.

ಮಧ್ಯಾಹ್ನ ಹೊಸ ಪೆಟ್ಟಿಗೆ ಹಾಕಿದರು.

ಜೂನ್ 30, ಬುಧವಾರ

ಎಕ್ಸ್‌ರೇಯಲ್ಲಿ ಮೇಲುಗಡೆ ಸ್ವಲ್ಪ ಕಪ್ಪಾಗಿದೆ. ಕಪ್ಪು ಅಂದರೆ ಗಾಳಿ, ಒಳ್ಳೆಯದು. ಡಾಕ್ಟರ್ ಚಿತ್ರವನ್ನು ಫೋನಿನಲ್ಲಿ ತೋರಿಸಿದರು. ಮುರುಗೇಶನಿಗೆ ಕಾಣಲೇ ಇಲ್ಲ. ನನಗೆ ಉಗುರಿನಷ್ಟು ಕಂಡಿತು.

ದಿನಾ ಈಗ ವಿಡಿಯೋ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಮುಖ ತೋರಿಸುತ್ತೇನೆ. ಮಣಿಸರ ಬಿಚ್ಚಿ ಚೀಲದೊಳಗೆ ಹಾಕಿದ್ದೇನೆ. ಮೊದಲ ದಿನ ತುಂಬಾ ಅತ್ತಿತು.

ಜುಲೈ 6, ಮಂಗಳವಾರ

ಎರಡು ದಿನದಿಂದ ಯಂತ್ರಕ್ಕೆ ಬರುವ ಆಮ್ಲಜನಕ ನಿಲ್ಲಿಸಿ ನೋಡುತ್ತಿದ್ದರು. ರಕ್ತ ಸುತ್ತುತ್ತದೆ, ಪೆಟ್ಟಿಗೆ ಸುಮ್ಮನಿರುತ್ತದೆ, ಅವಳ ಶ್ವಾಸಕೋಶವೇ ದುಡಿಯಬೇಕು. ದುಡಿಯಿತು. ಇವತ್ತು ಹತ್ತೂವರೆಗೆ ಕೊಳವೆಗಳನ್ನು ತೆಗೆದರು. ಐವತ್ತೊಂದು ದಿನ.

ಗೋಕುಲ್ ಹೊರಗೆ ಬಂದು ನಮ್ಮ ಪಕ್ಕ ಕೂತ. ಮಗುವನ್ನು ಕೇಳಿ ಎತ್ತಿಕೊಂಡ, ಮಾಸ್ಕಿನ ಮೇಲೆ ಕಣ್ಣು ಒದ್ದೆಯಾಗಿತ್ತು. ಆ ವಾರ್ಡಿನಲ್ಲಿ ಮೇ ತಿಂಗಳಿನಿಂದ ಯಂತ್ರಕ್ಕೆ ಹಾಕಿದವರು ಐದು ಜನ, ಎದ್ದವಳು ಇವಳೊಬ್ಬಳೇ ಎಂದು ಹೋಗುವಾಗ ಹೇಳಿದ.

ಜುಲೈ 9, ಶುಕ್ರವಾರ

ಆರೋಗ್ಯ ಕೇಂದ್ರಕ್ಕೆ ಹೋಗಿ ಕಾರ್ಡು ಮುಂದಿಟ್ಟು, ಹೆಸರು ತಪ್ಪಾಗಿದೆ ಎಂದೆ. ನರ್ಸು ಸಿಡುಕಿದಳು. "ನಾವು ಕೇಳಿದ್ದನ್ನು ನೀವು ತಾನೇ ಹೇಳಿದ್ದು? ನೀವು ಯಾರು?"

"ಅತ್ತೆ. ಅಪ್ಪನ ಅಕ್ಕ."

"ಆಗ ಯಾಕೆ ಸುಮ್ಮನಿದ್ದಿರಿ?"

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. "ಹೇಳಬೇಕು ಅನ್ನಿಸಲಿಲ್ಲ" ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಸಿಡುಕು ಬಿಟ್ಟು, ಶಶಿಕಲಾ ಮೇಲೆ ಅಡ್ಡ ಗೆರೆ ಎಳೆದು ರಮಾ ಎಂದು ಬರೆದು ಮುದ್ರೆ ಒತ್ತಿದಳು.

ಜುಲೈ 24, ಶನಿವಾರ

ರಮಾಳನ್ನು ಸಾಧಾರಣ ವಾರ್ಡಿಗೆ ತಂದರು. ಕತ್ತಿನ ತೂತು ಮುಚ್ಚುತ್ತಿದೆ, ಬೆರಳಿಟ್ಟರೆ ಗೊರಗೊರ ದನಿ ಬರುತ್ತದೆ. ತೋಳುಗಳಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ. ಮಗುವನ್ನು ಅವಳ ಮಡಿಲಲ್ಲಿ ಇಟ್ಟೆ. ಹಿಡಿಯಲು ಬಲವಿಲ್ಲ. ನನ್ನ ಕೈಗಳನ್ನು ಅವಳ ಕೈಗಳ ಕೆಳಗೆ ಕೊಟ್ಟು ನಿಂತೆ. ಮಗು ಇಬ್ಬರನ್ನೂ ನೋಡಿ ನನ್ನ ಕಡೆಗೇ ಕಣ್ಣಿಟ್ಟು ಅತ್ತಿತು. ರಮಾ ಮುಖ ಆ ಕಡೆಗೆ ತಿರುಗಿಸಿಕೊಂಡಳು.

ನಾನು ಕೈ ತೆಗೆಯುವಂತಿರಲಿಲ್ಲ, ತೆಗೆದರೆ ಮಗು ಬೀಳುತ್ತಿತ್ತು. ತೆಗೆಯದಿದ್ದರೆ ಅದು ಅವಳ ಹತ್ತಿರ ಹೋಗುತ್ತಿರಲಿಲ್ಲ. ಹಾಗೇ ನಿಂತಿದ್ದೆವು.

ಆಗಸ್ಟ್ 8, ಭಾನುವಾರ. ನಂಗವಳ್ಳಿ

ಮನೆಗೆ ಬಂದು ವಾರವಾಯಿತು. ಇವತ್ತು ರಮಾಗೆ ತಲೆಗೆ ನೀರು ಹಾಕಿದೆ. ಮಣೆಯ ಮೇಲೆ ಕೂರಿಸಿ, ಉದುರಿ ಉಳಿದ ನಾಲ್ಕು ಕೂದಲಿಗೆ ಸೀಗೆಕಾಯಿ ತಿಕ್ಕಿದೆ. ಅವಳು ತಲೆ ಬಗ್ಗಿಸಿಕೊಂಡೇ ಮಾತಾಡಿದಳು. ದನಿ ಇನ್ನೂ ಒಡೆದ ಹಾಗಿದೆ.

"ಅಕ್ಕ, ಒಂದು ಮಾತೇಳ್ತೀನಿ, ಬೈಬಾರ್ದು."

"ಹೇಳು."

"ಫೋನ್ನಾಗೆ ಮೊದಲ್ನೇ ಸಲ ಪಾಪನ್ನ ನೋಡ್ದಾಗ ಅದು ನಿಮ್ ಎದೆ ಮ್ಯಾಲಿತ್ತು. ಬೆನ್ನು ಮಾತ್ರ ಕಾಣ್ತಿತ್ತು. ನಿಮ್ ಸರ ಇಡ್ಕಂಡಿತ್ತು. ನಂಗೆ ಒಟ್ಟೆ ಉರ್ದೋಯ್ತು. ನಾ ಸತ್ರೆ ಇವರತ್ರಾನೇ ಉಳ್ಕಂಡ್ಬಿಡ್ತದೆ, ನಾನು ಯಾರಂತಾನೂ ತಿಳಿಯಾಕಿಲ್ಲ ಅಂತ. ಆಮ್ಯಾಕೆ ಫೋನೇ ಬರ್ಲಿಲ್ಲ. ಇನ್ನೂ ಕ್ವಾಪ ಬಂತು. ಆ ಕ್ವಾಪಕ್ಕೇ ಉಸ್ರು ಎಳ್ಕಂಡೆ ಅಕ್ಕ. ನೀವು ಅಷ್ಟು ಮಾಡ್ತಿದ್ರಿ, ನಾನು ಇಂಗೆ ನೆನೆಸ್ತಿದ್ದೆ. ತಪ್ಪಲ್ವಾ?"

ಚೊಂಬು ನನ್ನ ಕೈಯಲ್ಲೇ ಇತ್ತು. "ಫೋನ್ ಕೆಟ್ಟಿರ್ಲಿಲ್ಲ ರಮಾ. ನಾನೇ ಕಳಿಸ್ಲಿಲ್ಲ" ಎಂದೆ.

ಅವಳು ತಲೆಯೆತ್ತಲಿಲ್ಲ.

"ಗೊತ್ತು" ಅಂದಳು. ಆಮೇಲೆ, "ಕಣ್ಣಿಗೆ ಸೀಗೆಕಾಯಿ ಓಗ್ತೈತೆ, ನೀರ್ ಉಯ್ರಿ" ಅಂದಳು.

ನೀರು ಹುಯ್ದೆ. ಮೆಟ್ಟಿಲ ಮೇಲೆ ಮುರುಗೇಶನಿಗೆ ಹೇಳಿದ ಮಾತನ್ನು ಅವಳಿಗೆ ಹೇಳಲಿಲ್ಲ. ಅದು ನನ್ನ ಹತ್ತಿರವೇ ಇರುತ್ತದೆ.

ಆಗಸ್ಟ್ 19, ಗುರುವಾರ

ಹೊಲಿಗೆ ಮಿಷನ್ನಿಗೆ ಎಣ್ಣೆ ಹಾಕಿ ಜಗಲಿಗೆ ಎಳೆದುಕೊಂಡೆ. ಪಕ್ಕದ ಬೀದಿಯವರು ಮೂರು ರವಿಕೆ ಕೊಟ್ಟಿದ್ದಾರೆ. ರಮಾ ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತಿದ್ದಳು. ನಡುಮನೆಯಲ್ಲಿ ಮಗು ಎದ್ದು ಅಳಲು ಶುರುಮಾಡಿತು. ಹಸಿವಿನ ಅಳು.

ನನ್ನ ಕಾಲುಗಳು ತಾವೇ ಎದ್ದುಬಿಟ್ಟವು. ಮತ್ತೆ ಕೂತೆ.

ಅಮ್ಮ ಅಡುಗೆಮನೆಯಿಂದ ಕೂಗಿದಳು, "ಶಶೀ, ಮೊಗ ಅಳ್ತೈತೆ, ಕಿವಿ ಕೇಳ್ಸಾಕಿಲ್ವಾ?"

"ಕೇಳ್ಸ್ತೈತೆ ಅಮ್ಮ."

ರಮಾ ಮಂಚದ ಪಟ್ಟಿ ಹಿಡಿದು ಎದ್ದಳು. ಜಗಲಿಯ ಮೆಟ್ಟಿಲು ಎರಡೇ, ಅದಕ್ಕೆ ಎರಡು ಸಲ ನಿಂತಳು. ನನ್ನ ಪಕ್ಕದ ಕಂಬ ಹಿಡಿದು ಉಸಿರು ಎಳೆದುಕೊಂಡಳು. ಎಳೆಯುವುದು ನನಗೆ ಕೇಳಿಸುತ್ತಿತ್ತು. ಒಳಗೆ ಅಳು ಏರುತ್ತಿತ್ತು. ನಾನು ಮಿಷನ್ನಿನ ಚಕ್ರವನ್ನು ಎರಡು ಕೈಯಿಂದಲೂ ಹಿಡಿದುಕೊಂಡು ಕೂತೆ. ಅವಳು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಗೋಡೆ ಹಿಡಿದು ಒಳಗೆ ಹೋದಳು.

ಅವಳು ತೊಟ್ಟಿಲ ಹತ್ತಿರ ಹೋದ ಮೇಲೂ ಅಳು ತಕ್ಷಣ ನಿಲ್ಲಲಿಲ್ಲ. ಬಹಳ ಹೊತ್ತು ಬೇಕಾಯಿತು. ಆಮೇಲೆ ನಿಂತಿತು.

ನಾನು ರವಿಕೆಯ ತೋಳು ಮಡಿಸಿ ಹೊಲಿಯತೊಡಗಿದೆ.